ಅಮೆರಿಕದ ದಿಕ್ಕು ಬದಲಿಸಿದ ಆರು ಅಲ್ಪಪರಿಚಿತ ಘಟನೆಗಳು

ಅಮೆರಿಕದ ಇತಿಹಾಸ ಎಂದೊಡನೆ ಮನಸ್ಸಿಗೆ ಬರುವ ಘಟನೆಗಳು ಕೆಲವೇ. 1776ರ ಸ್ವಾತಂತ್ರ್ಯ ಘೋಷಣೆ, ಲಿಂಕನ್ ಕಾಲದ ಅಂತರ್ಯುದ್ಧ, 1929ರ ಷೇರುಪೇಟೆ ಕುಸಿತ, 1941ರ ಪರ್ಲ್ ಹಾರ್ಬರ್ ದಾಳಿ, 1969ರಲ್ಲಿ ಚಂದ್ರನ ಮೇಲೆ ಮಾನವನ ಪದಾರ್ಪಣೆ, 2001ರ ಸೆಪ್ಟೆಂಬರ್ 11ರ ದುರಂತ. ಪಠ್ಯಪುಸ್ತಕಗಳೂ ಚಲನಚಿತ್ರಗಳೂ ಇವನ್ನು ಜಗತ್ತಿಗೆಲ್ಲ ಪರಿಚಯಿಸಿವೆ.

ಆದರೆ ಆ ದೇಶದ ಇಂದಿನ ಸ್ವರೂಪವನ್ನು ನಿರ್ಧರಿಸಿದ ಎಲ್ಲ ತಿರುವುಗಳೂ ರಣರಂಗದಲ್ಲಿ ಸಂಭವಿಸಲಿಲ್ಲ. ಶಾಸನಸಭೆಯ ಒಂದು ನಿರ್ಣಯ, ನ್ಯಾಯಾಲಯದ ಒಂದು ತೀರ್ಪು, ದೂರದ ದ್ವೀಪವೊಂದರ ಬಂಡಾಯ, ಚುನಾವಣೆಯ ಬಿಕ್ಕಟ್ಟು ಬಗೆಹರಿಸಲು ನಡೆದ ಒಂದು ರಾಜಿ, ಇಂಥ ಸಂಗತಿಗಳೂ ಕೋಟ್ಯಂತರ ಜನರ ಹಣೆಬರಹವನ್ನು ಬರೆದಿವೆ. ಇವುಗಳಲ್ಲಿ ಬಹುಪಾಲು ಘಟನೆಗಳಿಗೆ ಸಮಾನವಾದ ಒಂದು ಲಕ್ಷಣವಿದೆ. ನಿರ್ಧಾರ ಕೈಗೊಂಡವರ ಉದ್ದೇಶವೇ ಒಂದು, ಅದು ಕೊಟ್ಟ ಫಲವೇ ಮತ್ತೊಂದು. ಅಂಥ ಆರು ಘಟ್ಟಗಳ ಪರಿಚಯ ಇಲ್ಲಿದೆ.

1787: ವಾಯವ್ಯ ಪ್ರಾಂತ್ಯದ ಶಾಸನ

1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನದ ಕರಡು ಸಿದ್ಧವಾಗುತ್ತಿತ್ತು. ಜಗತ್ತಿನ ಗಮನ ಇಂದಿಗೂ ಆ ಸಭೆಯ ಮೇಲೆಯೇ. ಆದರೆ ಅದೇ ಸಮಯದಲ್ಲಿ, ಜುಲೈ 13ರಂದು, ನ್ಯೂಯಾರ್ಕ್‌ನಲ್ಲಿ ಸೇರಿದ್ದ ಹಳೆಯ ಕಾಂಗ್ರೆಸ್ ಮತ್ತೊಂದು ಮಹತ್ವದ ಶಾಸನವನ್ನು ಅಂಗೀಕರಿಸಿತು. ಒಹಾಯೊ ನದಿಯ ವಾಯವ್ಯಕ್ಕೆ ಹರಡಿದ್ದ ವಿಶಾಲ ಭೂಪ್ರದೇಶವನ್ನು ಹೇಗೆ ಆಳಬೇಕು ಎಂಬುದೇ ಅದರ ವಸ್ತು.

ಅಂದಿನ ಸಾಮ್ರಾಜ್ಯಗಳ ರೂಢಿಯಂತೆ ಹೊಸ ಪ್ರದೇಶವೆಂದರೆ ವಸಾಹತು. ಆದರೆ ಈ ಶಾಸನ ಬೇರೆಯೇ ದಾರಿ ಹಿಡಿಯಿತು. ಪ್ರದೇಶವೊಂದರಲ್ಲಿ 5,000 ಸ್ವತಂತ್ರ ವಯಸ್ಕ ಪುರುಷರು ನೆಲೆಸಿದೊಡನೆ ಅಲ್ಲಿಗೊಂದು ಶಾಸನಸಭೆ, 60,000 ಸ್ವತಂತ್ರ ನಿವಾಸಿಗಳಾದೊಡನೆ ಪೂರ್ಣ ರಾಜ್ಯದ ಸ್ಥಾನ. ಹಾಗೆ ಸೇರುವ ರಾಜ್ಯ ಮೊದಲ 13 ರಾಜ್ಯಗಳಿಗೆ ಎಲ್ಲ ವಿಧದಲ್ಲೂ ಸಮಾನ. ಒಹಾಯೊ, ಇಂಡಿಯಾನಾ, ಇಲಿನಾಯ್, ಮಿಷಿಗನ್, ವಿಸ್ಕಾನ್ಸಿನ್ ರಾಜ್ಯಗಳು ರೂಪುಗೊಂಡದ್ದು ಹೀಗೆ. ಪೂರ್ವ ಕರಾವಳಿಯ ಒಂದು ಪಟ್ಟಿಯಂತಿದ್ದ ದೇಶ ಪೆಸಿಫಿಕ್ ತೀರದವರೆಗೆ ರಾಜ್ಯಗಳ ಒಕ್ಕೂಟವಾಗಿಯೇ ಬೆಳೆಯಲು ಈ ಸೂತ್ರ ಬುನಾದಿಯಾಯಿತು.

ಇದಕ್ಕಿಂತ ಮಿಗಿಲಾದ ಪರಿಣಾಮ ಬೀರಿದ್ದು ಶಾಸನದ ಆರನೆಯ ವಿಧಿ. ಅದು ಆ ಪ್ರಾಂತ್ಯದಲ್ಲಿ ಗುಲಾಮಗಿರಿಯನ್ನು ನಿಷೇಧಿಸಿತು. ಓಡಿಬಂದ ಗುಲಾಮರನ್ನು ಒಡೆಯರಿಗೆ ಮರಳಿಸಬೇಕೆಂಬ ಷರತ್ತು ಅದೇ ವಿಧಿಯಲ್ಲಿ ಸೇರಿತ್ತಾದರೂ, ಒಹಾಯೊ ನದಿ ಕ್ರಮೇಣ ಗುಲಾಮಗಿರಿಯುಳ್ಳ ರಾಜ್ಯಗಳಿಗೂ ಇಲ್ಲದ ರಾಜ್ಯಗಳಿಗೂ ಗಡಿರೇಖೆಯಾಯಿತು. ಮುಕ್ಕಾಲು ಶತಮಾನದ ನಂತರ ಅಂತರ್ಯುದ್ಧದಲ್ಲಿ ಉತ್ತರದ ಪಕ್ಷಕ್ಕೆ ಸೈನಿಕರನ್ನೂ ಧಾನ್ಯವನ್ನೂ ಹೇರಳವಾಗಿ ಒದಗಿಸಿದ್ದು ಈ ಪ್ರಾಂತ್ಯದ ರಾಜ್ಯಗಳೇ.

ಮೂಲನಿವಾಸಿಗಳ ಭೂಮಿಯನ್ನು ಅವರ ಸಮ್ಮತಿಯಿಲ್ಲದೆ ಕಸಿಯುವುದಿಲ್ಲ ಎಂಬ ವಚನವೂ ಶಾಸನದಲ್ಲಿತ್ತು. ಅದು ಉಳಿಯಲಿಲ್ಲ. 1791ರ ನವೆಂಬರ್ 4ರಂದು ಲಿಟಲ್ ಟರ್ಟಲ್ ಮತ್ತು ಬ್ಲೂ ಜಾಕೆಟ್ ನೇತೃತ್ವದ ಮೂಲನಿವಾಸಿಗಳ ಒಕ್ಕೂಟ ವಾಬಾಶ್ ನದಿಯ ಬಳಿ ಅಮೆರಿಕದ ಸೇನೆಯನ್ನು ಸದೆಬಡಿದು 600ಕ್ಕೂ ಹೆಚ್ಚು ಸೈನಿಕರನ್ನು ಕೊಂದಿತು. ಆದರೆ 1794ರ ಸೋಲಿನ ನಂತರ, 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ, ಇಂದಿನ ಒಹಾಯೊ ರಾಜ್ಯದ ಬಹುಭಾಗವನ್ನು ಆ ಬುಡಕಟ್ಟುಗಳು ಬಿಟ್ಟುಕೊಡಬೇಕಾಯಿತು.

1803: ಹೈಟಿಯ ಬಂಡಾಯ, ಲೂಸಿಯಾನಾದ ಖರೀದಿ

1803ರಲ್ಲಿ ಅಧ್ಯಕ್ಷ ಥಾಮಸ್ ಜೆಫರ್‌ಸನ್ ಸರ್ಕಾರ ಫ್ರಾನ್ಸ್‌ನಿಂದ ಲೂಸಿಯಾನಾ ಪ್ರಾಂತ್ಯವನ್ನು 1.5 ಕೋಟಿ ಡಾಲರ್‌ಗೆ ಕೊಂಡುಕೊಂಡಿತೆಂಬುದು ಪ್ರಸಿದ್ಧ ಸಂಗತಿ. ಸುಮಾರು 8,28,000 ಚದರ ಮೈಲಿಗಳ ಈ ಭೂಮಿಯಿಂದ ದೇಶದ ವಿಸ್ತಾರ ಹೆಚ್ಚುಕಡಿಮೆ ಇಮ್ಮಡಿಯಾಯಿತು. ನೆಪೋಲಿಯನ್ ಇಷ್ಟು ಅಗ್ಗಕ್ಕೆ ಅದನ್ನು ಮಾರಿದ್ದೇಕೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಉತ್ತರ ಇರುವುದು ಕೆರೀಬಿಯನ್ ಸಮುದ್ರದ ದ್ವೀಪವೊಂದರಲ್ಲಿ. ಇಂದಿನ ಹೈಟಿ ಅಂದು ಸೇಂಟ್ ಡೊಮಿಂಗ್ ಹೆಸರಿನ ಫ್ರೆಂಚ್ ವಸಾಹತು. ಸುಮಾರು ಐದು ಲಕ್ಷ ಗುಲಾಮರ ದುಡಿಮೆಯಿಂದ ಯೂರೋಪಿಗೆ ಸಕ್ಕರೆ ಮತ್ತು ಕಾಫಿ ಒದಗಿಸುತ್ತಿದ್ದ ಸಂಪದ್ಭರಿತ ನೆಲ. 1791ರ ಆಗಸ್ಟ್‌ನಲ್ಲಿ ಅಲ್ಲಿನ ಗುಲಾಮರು ಬಂಡೆದ್ದರು. ಸ್ವತಃ ಗುಲಾಮರಾಗಿ ಹುಟ್ಟಿದ್ದ ಟೂಸಾಂ ಲೂವರ್ತ್ಯೂರ್ ಆ ಹೋರಾಟದ ಮುಂದಾಳಾದರು. ವಸಾಹತನ್ನು ಮರಳಿ ಪಡೆಯಲು ನೆಪೋಲಿಯನ್ ತನ್ನ ತಂಗಿಯ ಗಂಡ ಜನರಲ್ ಲೆಕ್ಲರ್ಕ್ ನೇತೃತ್ವದಲ್ಲಿ ದೊಡ್ಡ ಸೇನೆಯನ್ನು ಕಳುಹಿಸಿದ. ಲೂವರ್ತ್ಯೂರ್ ಸೆರೆಯಾಗಿ 1803ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನ ಕೋಟೆಯೊಂದರಲ್ಲಿ ಅಸುನೀಗಿದರು. ಆದರೆ ಬಂಡಾಯ ನಿಲ್ಲಲಿಲ್ಲ. ಬಂಡಾಯಗಾರರ ಪ್ರತಿರೋಧ ಹಾಗೂ ಹಳದಿ ಜ್ವರ ಎರಡೂ ಸೇರಿ ಫ್ರೆಂಚ್ ಸೇನೆಯನ್ನು ನುಂಗಿಹಾಕಿದವು. ಲೆಕ್ಲರ್ಕ್ ಕೂಡ 1802ರ ನವೆಂಬರ್‌ನಲ್ಲಿ ಜ್ವರಕ್ಕೆ ಬಲಿಯಾದ.

ಸಕ್ಕರೆಯ ದ್ವೀಪ ಕೈತಪ್ಪಿದ ಮೇಲೆ ಅದಕ್ಕೆ ಆಹಾರ ಒದಗಿಸಬೇಕಿದ್ದ ಲೂಸಿಯಾನಾದಿಂದ ನೆಪೋಲಿಯನ್‌ಗೆ ಪ್ರಯೋಜನ ಕಾಣಲಿಲ್ಲ. ಬ್ರಿಟನ್ ಜೊತೆಗಿನ ಯುದ್ಧಕ್ಕೆ ಹಣ ಬೇಕಿತ್ತು. ನ್ಯೂ ಆರ್ಲಿಯನ್ಸ್ ಬಂದರು ಮತ್ತು ಅದರ ಸುತ್ತಲಿನ ಭೂಮಿಯನ್ನು ಕೊಳ್ಳಲು ಪ್ರಯತ್ನಿಸುತ್ತಿದ್ದ ಅಮೆರಿಕದ ರಾಯಭಾರಿಗಳ ಮುಂದೆ ಇಡೀ ಪ್ರಾಂತ್ಯವೇ ಮಾರಾಟಕ್ಕೆ ಬಂದಿತು. ಭೂಮಿ ಕೊಳ್ಳುವ ಅಧಿಕಾರ ಸಂವಿಧಾನದಲ್ಲಿ ಸ್ಪಷ್ಟವಾಗಿ ಇಲ್ಲವೆಂಬ ಅನುಮಾನ ಜೆಫರ್‌ಸನ್‌ರನ್ನು ಕಾಡಿತ್ತು. ಆದರೂ 1803ರ ಅಕ್ಟೋಬರ್‌ನಲ್ಲಿ ಸೆನೆಟ್ 24-7 ಮತಗಳಿಂದ ಒಪ್ಪಂದಕ್ಕೆ ಸಮ್ಮತಿಸಿತು.

ಈ ಪ್ರಕರಣದಲ್ಲಿ ದೊಡ್ಡದೊಂದು ವೈಪರೀತ್ಯ ಅಡಗಿದೆ. ಗುಲಾಮರ ಸ್ವಾತಂತ್ರ್ಯ ಹೋರಾಟದಿಂದ ಅಮೆರಿಕಕ್ಕೆ ದೊರೆತ ನೆಲದಲ್ಲಿ ಗುಲಾಮಗಿರಿ ಇನ್ನಷ್ಟು ವಿಸ್ತರಿಸಿತು. 1793ರಲ್ಲಿ ಬಂದ ಹತ್ತಿ ಬಿಡಿಸುವ ಯಂತ್ರ ದಕ್ಷಿಣದ ಒಡೆಯರ ಭೂದಾಹವನ್ನು ಆಗಲೇ ಹೆಚ್ಚಿಸಿತ್ತು. 1800ರಲ್ಲಿ ಸುಮಾರು 9 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ವೇಳೆಗೆ ಸುಮಾರು 40 ಲಕ್ಷಕ್ಕೆ ಏರಿತು. 1804ರ ಜನವರಿ 1ರಂದು ಸ್ವತಂತ್ರವಾದ ಹೈಟಿಗೆ ಅಮೆರಿಕ ಮಾನ್ಯತೆ ನೀಡಿದ್ದು 1862ರಲ್ಲಿ.

1862: ಯುದ್ಧದ ನಡುವೆ ಬಂದ ಮೂರು ಕಾಯ್ದೆಗಳು

1862ನೇ ಇಸವಿ ಅಂತರ್ಯುದ್ಧದ ಎರಡನೆಯ ವರ್ಷ. ದಕ್ಷಿಣದ ಪ್ರತಿನಿಧಿಗಳು ಕಾಂಗ್ರೆಸ್ ತೊರೆದು ಹೋಗಿದ್ದರು. ವರ್ಷಗಟ್ಟಲೆ ಅವರ ವಿರೋಧದಿಂದ ನೆನೆಗುದಿಗೆ ಬಿದ್ದಿದ್ದ ಮಸೂದೆಗಳಿಗೆ ಇದರಿಂದ ದಾರಿ ತೆರೆಯಿತು. ಆರು ವಾರಗಳ ಅಂತರದಲ್ಲಿ ಮೂರು ದೊಡ್ಡ ಕಾಯ್ದೆಗಳಿಗೆ ಲಿಂಕನ್ ಸಹಿ ಹಾಕಿದರು.

ಮೇ 20ರ ಹೋಮ್‌ಸ್ಟೆಡ್ ಕಾಯ್ದೆ, ಐದು ವರ್ಷ ನೆಲೆಸಿ ಬೇಸಾಯ ಮಾಡಿದ ಕುಟುಂಬಕ್ಕೆ 160 ಎಕರೆ ಭೂಮಿಯನ್ನು ಅಲ್ಪ ಶುಲ್ಕಕ್ಕೆ ನೀಡಿತು. ಜುಲೈ 1ರ ಪೆಸಿಫಿಕ್ ರೈಲ್ವೆ ಕಾಯ್ದೆ ಖಂಡದ ಪೂರ್ವ ಪಶ್ಚಿಮಗಳನ್ನು ಜೋಡಿಸುವ ರೈಲು ಮಾರ್ಗಕ್ಕೆ ಅನುಮತಿ ಕೊಟ್ಟಿತು. 1869ರ ಮೇ 10ರಂದು ಯೂಟಾ ಪ್ರಾಂತ್ಯದ ಪ್ರೊಮೊಂಟರಿಯಲ್ಲಿ ಹಳಿಗಳು ಕೂಡಿದವು. ಪಶ್ಚಿಮ ಭಾಗದ ಕಡಿದಾದ ಪರ್ವತಗಳಲ್ಲಿ ಆ ಹಳಿ ಹಾಸಿದವರಲ್ಲಿ ಬಹುಪಾಲು ಮಂದಿ ಚೀನೀ ಕಾರ್ಮಿಕರು.

ಮೂರನೆಯದು ಜುಲೈ 2ರ ಮೋರಿಲ್ ಕಾಯ್ದೆ. ವರ್ಮಾಂಟ್ ರಾಜ್ಯದ ಪ್ರತಿನಿಧಿ ಜಸ್ಟಿನ್ ಮೋರಿಲ್ ಇದನ್ನು ಮೊದಲು ಮಂಡಿಸಿದಾಗ, 1859ರಲ್ಲಿ, ಅಧ್ಯಕ್ಷ ಬುಕಾನನ್ ತಿರಸ್ಕರಿಸಿದ್ದರು. ರಾಜ್ಯವೊಂದಕ್ಕೆ ಕಾಂಗ್ರೆಸ್‌ನಲ್ಲಿರುವ ಪ್ರತಿಯೊಬ್ಬ ಸದಸ್ಯನ ಲೆಕ್ಕಕ್ಕೆ 30,000 ಎಕರೆಯಂತೆ ಕೇಂದ್ರದ ಭೂಮಿ ನೀಡುವುದು, ಅದರ ಮಾರಾಟದ ಹಣದಿಂದ ಕೃಷಿ ಮತ್ತು ಯಂತ್ರವಿದ್ಯೆ ಬೋಧಿಸುವ ಕಾಲೇಜು ನಡೆಸುವುದು, ಇದು ಕಾಯ್ದೆಯ ಸಾರ. ಉಳ್ಳವರ ಮಕ್ಕಳಿಗೆ ಗ್ರೀಕ್, ಲ್ಯಾಟಿನ್ ಕಲಿಸುತ್ತಿದ್ದ ಉನ್ನತ ಶಿಕ್ಷಣ ಹೀಗೆ ರೈತರ, ಕುಶಲಕರ್ಮಿಗಳ ಮಕ್ಕಳಿಗೆ ತೆರೆಯಿತು. ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆ ಕೂಡ ಈ ಭೂದಾನದ ಫಲಾನುಭವಿಗಳೇ. 1887ರ ಕಾಯ್ದೆ ಪ್ರಯೋಗ ಕೇಂದ್ರಗಳನ್ನೂ 1914ರ ಕಾಯ್ದೆ ಹಳ್ಳಿಗಳಿಗೆ ತಿಳಿವಳಿಕೆ ಒಯ್ಯುವ ವಿಸ್ತರಣಾ ಸೇವೆಯನ್ನೂ ಇದಕ್ಕೆ ಸೇರಿಸಿದವು.

ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ತರುವ ಈ ಮಾದರಿ ಶತಮಾನದ ನಂತರ ಕರ್ನಾಟಕಕ್ಕೂ ಬಂದಿತು. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇದೇ ಪದ್ಧತಿಯಲ್ಲಿ ರೂಪುಗೊಂಡಿತು. ಅದರ ಆರಂಭಿಕ ವರ್ಷಗಳಲ್ಲಿ ನೆರವಾದ ಟೆನೆಸಿ ವಿಶ್ವವಿದ್ಯಾಲಯ ಸ್ವತಃ ಮೋರಿಲ್ ಕಾಯ್ದೆಯ ಸವಲತ್ತು ಪಡೆದ ಸಂಸ್ಥೆ.

ಆದರೆ ಸರ್ಕಾರ ಹಂಚಿದ ಭೂಮಿ ಯಾರದಾಗಿತ್ತು? ಅದು ಒಪ್ಪಂದಗಳಿಂದಲೂ ಬಲಪ್ರಯೋಗದಿಂದಲೂ ಮೂಲನಿವಾಸಿಗಳಿಂದ ಪಡೆದದ್ದು. ಅದೇ ವರ್ಷ ಮಿನ್ನೆಸೋಟಾದಲ್ಲಿ ಡಕೋಟಾ ಜನರ ಬಂಡಾಯ ನಡೆದು, ಡಿಸೆಂಬರ್ 26ರಂದು 38 ಮಂದಿಯನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು.

1877: ಒಂದು ಮತದ ಅಂತರ

ಅಂತರ್ಯುದ್ಧ 1865ರಲ್ಲಿ ಮುಗಿದು ಗುಲಾಮಗಿರಿ ರದ್ದಾಯಿತು. ಮುಂದಿನ ಹನ್ನೆರಡು ವರ್ಷ ಪುನರ್ನಿರ್ಮಾಣದ ಕಾಲ. ಕೇಂದ್ರದ ಸೇನೆಯ ರಕ್ಷಣೆಯಲ್ಲಿ ದಕ್ಷಿಣದ ಕಪ್ಪು ವರ್ಣೀಯರು ಮತ ಚಲಾಯಿಸಿದರು, ಶಾಸನಸಭೆಗಳಿಗೆ ಆಯ್ಕೆಯಾದರು. 1870ರಲ್ಲಿ ಮಿಸಿಸಿಪ್ಪಿಯ ಹೈರಮ್ ರೆವೆಲ್ಸ್ ಸೆನೆಟ್‌ನ ಮೊದಲ ಕಪ್ಪು ವರ್ಣೀಯ ಸದಸ್ಯರಾದರು.

ಈ ಪ್ರಯೋಗಕ್ಕೆ ತೆರೆ ಬಿದ್ದದ್ದು ಚುನಾವಣೆಯೊಂದರ ಬಿಕ್ಕಟ್ಟಿನಿಂದ. 1876ರ ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಸ್ಯಾಮ್ಯುಯೆಲ್ ಟಿಲ್ಡನ್ ಸುಮಾರು ಎರಡೂವರೆ ಲಕ್ಷ ಜನಮತಗಳ ಮುನ್ನಡೆ ಪಡೆದರು. ಅಧ್ಯಕ್ಷರನ್ನು ವಿಧ್ಯುಕ್ತವಾಗಿ ಆರಿಸುವ ಎಲೆಕ್ಟೋರಲ್ ಮತಗಳಲ್ಲಿ ಗೆಲುವಿಗೆ ಬೇಕಿದ್ದದ್ದು 185, ಟಿಲ್ಡನ್‌ಗೆ ದೊರೆತದ್ದು 184. ರಿಪಬ್ಲಿಕನ್ ಪಕ್ಷದ ರದರ್‌ಫರ್ಡ್ ಹೇಸ್‌ಗೆ 165. ಫ್ಲಾರಿಡಾ, ಲೂಸಿಯಾನಾ, ದಕ್ಷಿಣ ಕೆರೊಲಿನಾ ಹಾಗೂ ಆರೆಗಾನ್‌ನ ಒಟ್ಟು 20 ಮತಗಳು ವಿವಾದಕ್ಕೆ ಸಿಲುಕಿದವು.

ವಿವಾದ ಬಗೆಹರಿಸಲು ಎರಡೂ ಸದನಗಳಿಂದ ತಲಾ ಐವರು, ಸುಪ್ರೀಂ ಕೋರ್ಟ್‌ನಿಂದ ಐವರು, ಹೀಗೆ 15 ಮಂದಿಯ ಆಯೋಗ ನೇಮಕವಾಯಿತು. ಎರಡೂ ಪಕ್ಷಗಳು ತಟಸ್ಥರೆಂದು ನಂಬಿದ್ದ ನ್ಯಾಯಮೂರ್ತಿ ಡೇವಿಡ್ ಡೇವಿಸ್ ಅದೇ ಸಮಯಕ್ಕೆ ಇಲಿನಾಯ್‌ನಿಂದ ಸೆನೆಟ್‌ಗೆ ಆಯ್ಕೆಯಾಗಿ ಹಿಂದೆ ಸರಿದರು. ಅವರ ಸ್ಥಾನಕ್ಕೆ ಬಂದ ಜೋಸೆಫ್ ಬ್ರಾಡ್ಲಿ ರಿಪಬ್ಲಿಕನ್ನರ ಪರ ನಿಂತರು. ಪ್ರತಿಯೊಂದು ಪ್ರಶ್ನೆಯಲ್ಲೂ 8-7ರ ತೀರ್ಮಾನ. 185-184ರಿಂದ ಹೇಸ್ ಗೆದ್ದರೆಂದು 1877ರ ಮಾರ್ಚ್ 2ರಂದು ಘೋಷಣೆಯಾಯಿತು.

ತೆರೆಮರೆಯಲ್ಲಿ ಉಭಯ ಪಕ್ಷಗಳ ಮುಖಂಡರ ನಡುವೆ ಮಾತುಕತೆ ನಡೆದಿತ್ತು. ಅದಕ್ಕೆ ವೇದಿಕೆಯಾದ ವಾಷಿಂಗ್ಟನ್‌ನ ಹೋಟೆಲ್‌ನ ಒಡೆಯ ಜೇಮ್ಸ್ ವರ್ಮ್ಲಿ ಕಪ್ಪು ವರ್ಣೀಯರೆಂಬುದು ಇತಿಹಾಸದ ವಿಡಂಬನೆ. ಆ ರಾಜಿಯ ನಿಜವಾದ ತೂಕವೆಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಅಷ್ಟರಲ್ಲಾಗಲೇ ದಕ್ಷಿಣದ ಹೆಚ್ಚಿನ ರಾಜ್ಯಗಳು ಬಿಳಿಯರ ಹಿಡಿತಕ್ಕೆ ಮರಳಿದ್ದವು, ಉತ್ತರದ ಜನತೆಯ ಆಸಕ್ತಿಯೂ ಕುಂದಿತ್ತು. ಆದರೆ ಪರಿಣಾಮದ ಬಗ್ಗೆ ವಿವಾದವಿಲ್ಲ. 1877ರ ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾ ಮತ್ತು ಲೂಸಿಯಾನಾದ ಆಡಳಿತ ಭವನಗಳ ಕಾವಲಿನಿಂದ ಸೇನೆ ಹಿಂತೆಗೆಯಿತು. ಮುಂದಿನ ದಶಕಗಳಲ್ಲಿ ಮತದಾನಕ್ಕೆ ತೆರಿಗೆ, ಅಕ್ಷರ ಪರೀಕ್ಷೆ, ಬಹಿರಂಗ ಹಿಂಸೆ ಇವೇ ಮೊದಲಾದ ಉಪಾಯಗಳಿಂದ ಕಪ್ಪು ವರ್ಣೀಯರ ಮತದ ಹಕ್ಕನ್ನು ಕಸಿಯಲಾಯಿತು. ಲೂಸಿಯಾನಾದಲ್ಲಿ 1896ರಲ್ಲಿ 1,30,000ಕ್ಕೂ ಹೆಚ್ಚಿದ್ದ ಕಪ್ಪು ಮತದಾರರ ಸಂಖ್ಯೆ 1904ರ ವೇಳೆಗೆ 1,400ಕ್ಕೂ ಕಡಿಮೆಯಾಯಿತು. ಕಸಿದ ಹಕ್ಕು ಕಾನೂನಿನ ಬಲದಿಂದ ಮರಳಿದ್ದು 1965ರ ಮತದಾನದ ಹಕ್ಕುಗಳ ಕಾಯ್ದೆಯಿಂದ.

1898: ಅಡುಗೆಯವನೊಬ್ಬನ ಮೊಕದ್ದಮೆ

ರೈಲು ಮಾರ್ಗಕ್ಕೆ ದುಡಿದ ಚೀನೀಯರ ವಿರುದ್ಧ ಕ್ಯಾಲಿಫೋರ್ನಿಯಾದಲ್ಲಿ ದ್ವೇಷ ಬೆಳೆದು, 1882ರಲ್ಲಿ ಚೀನೀ ಕಾರ್ಮಿಕರ ಪ್ರವೇಶ ನಿಷೇಧಿಸುವ ಕಾಯ್ದೆ ಬಂದಿತು. ಚೀನೀ ದಂಪತಿಗೆ 1873ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಜನಿಸಿದ ವಾಂಗ್ ಕಿಮ್ ಆರ್ಕ್ ಅಡುಗೆ ಕೆಲಸದಿಂದ ಜೀವನ ಸಾಗಿಸುತ್ತಿದ್ದರು. ಚೀನಾಕ್ಕೆ ಹೋಗಿ 1895ರ ಆಗಸ್ಟ್‌ನಲ್ಲಿ ಹಿಂದಿರುಗಿದಾಗ, ಅವರು ಅಮೆರಿಕದ ಪ್ರಜೆಯಲ್ಲವೆಂದು ಅಧಿಕಾರಿಗಳು ಹಡಗಿನಿಂದ ಇಳಿಯಗೊಡಲಿಲ್ಲ. ತಿಂಗಳುಗಟ್ಟಲೆ ಬಂದರಿನ ಹಡಗುಗಳಲ್ಲೇ ಅವರನ್ನು ಬಂಧನದಲ್ಲಿಡಲಾಯಿತು.

ಕಪ್ಪು ವರ್ಣೀಯರಿಗೆ ಪೌರತ್ವ ಇಲ್ಲವೆಂದು 1857ರಲ್ಲಿ ಸುಪ್ರೀಂ ಕೋರ್ಟ್ ನೀಡಿದ್ದ ತೀರ್ಪನ್ನು ಅಳಿಸಲೆಂದು 1868ರಲ್ಲಿ ಸಂವಿಧಾನದ 14ನೇ ತಿದ್ದುಪಡಿ ಬಂದಿತ್ತು. ಅಮೆರಿಕದಲ್ಲಿ ಹುಟ್ಟಿ ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟವರೆಲ್ಲ ಪ್ರಜೆಗಳು ಎಂಬುದು ಅದರ ತಾತ್ಪರ್ಯ. ಚೀನೀಯರ ಮಕ್ಕಳಿಗೂ ಇದು ಅನ್ವಯಿಸುವುದೇ ಎಂಬುದು ಮೊಕದ್ದಮೆಯ ಪ್ರಶ್ನೆ. ಅನ್ವಯಿಸುತ್ತದೆ ಎಂದು 1898ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ 6-2ರ ಬಹುಮತದಿಂದ ತೀರ್ಪಿತ್ತಿತು. ತಂದೆ ತಾಯಿ ಪ್ರಜೆಗಳಾಗಲು ಅರ್ಹರಲ್ಲದಿದ್ದರೂ ಅಲ್ಲಿಯೇ ಹುಟ್ಟಿದ ಮಗು ಪ್ರಜೆಯೇ.

ವಲಸೆ ಬಂದವರ ಪಾಡು ಮಾತ್ರ ಬೇರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಪಂಜಾಬಿನ ಭಗತ್ ಸಿಂಗ್ ಥಿಂದ್ ಪೌರತ್ವಕ್ಕೆ ಅರ್ಹರಲ್ಲವೆಂದು 1923ರ ಫೆಬ್ರುವರಿ 19ರಂದು ಅದೇ ನ್ಯಾಯಾಲಯ ತೀರ್ಪು ನೀಡಿತು. ಜನಸಾಮಾನ್ಯರ ತಿಳಿವಳಿಕೆಯಂತೆ ಭಾರತೀಯರು ಬಿಳಿಯರಲ್ಲ ಎಂಬುದು ಕಾರಣ. ಅದುವರೆಗೆ ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಂಡರು. 1946ರ ಜುಲೈನಲ್ಲಿ ಲೂಸ್-ಸೆಲ್ಲರ್ ಕಾಯ್ದೆ ಬಂದ ಮೇಲೆಯೇ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು, ಅದೂ ವರ್ಷಕ್ಕೆ 100 ಮಂದಿಯ ವಲಸೆಯ ಮಿತಿಯೊಡನೆ. ಹೀಗೆ 1949ರಲ್ಲಿ ಪ್ರಜೆಯಾದ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಜನಪ್ರತಿನಿಧಿ ಸಭೆಗೆ ಚುನಾಯಿತರಾದರು.

1965: ವಲಸೆ ಕಾಯ್ದೆ

1924ರ ವಲಸೆ ಕಾಯ್ದೆ, ಆಯಾ ದೇಶದಲ್ಲಿ ಹುಟ್ಟಿದವರು 1890ರ ಜನಗಣತಿಯಲ್ಲಿ ಎಷ್ಟಿದ್ದರೋ ಅದರ ಶೇ 2ರಷ್ಟು ಮಂದಿಗೆ ಮಾತ್ರ ವರ್ಷಕ್ಕೆ ಪ್ರವೇಶ ನೀಡಿತ್ತು. ಉತ್ತರ ಮತ್ತು ಪಶ್ಚಿಮ ಯೂರೋಪಿನವರಿಗೆ ಸಿಂಹಪಾಲು ದಕ್ಕುವಂತೆ ಹೆಣೆದ ಲೆಕ್ಕ ಅದು. ಏಷ್ಯಾದವರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಅಂದು ಹೊಸ ಸದಸ್ಯರಾಗಿ ಇದನ್ನು ವಿರೋಧಿಸಿದ್ದ ನ್ಯೂಯಾರ್ಕ್‌ನ ಇಮ್ಯಾನ್ಯುಯೆಲ್ ಸೆಲ್ಲರ್, ನಾಲ್ಕು ದಶಕಗಳ ಬಳಿಕ ಸೆನೆಟರ್ ಫಿಲಿಪ್ ಹಾರ್ಟ್ ಜೊತೆಗೂಡಿ ಈ ಪದ್ಧತಿಯನ್ನು ಕಿತ್ತೊಗೆಯುವ ಮಸೂದೆ ತಂದರು.

ಜನಾಂಗದ ಸ್ವರೂಪ ಬದಲಾದೀತೆಂಬ ಆತಂಕ ಆಗಲೂ ಇತ್ತು. ಒಹಾಯೊದ ಪ್ರತಿನಿಧಿ ಮೈಕೆಲ್ ಫೀಗನ್, ಕೌಶಲಕ್ಕಿಂತ ಕುಟುಂಬ ಸಂಬಂಧಕ್ಕೆ ಹೆಚ್ಚು ಆದ್ಯತೆ ನೀಡಬೇಕೆಂದು ಪಟ್ಟು ಹಿಡಿದರು. ಈಗಾಗಲೇ ಇರುವ ಯೂರೋಪ್ ಮೂಲದವರ ಬಂಧುಗಳೇ ಬರುವರೆಂಬ ಲೆಕ್ಕಾಚಾರ ಅದರ ಹಿಂದಿತ್ತು. 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ಪ್ರತಿಮೆಯ ಬುಡದಲ್ಲಿ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್, ಇದೇನೂ ಕ್ರಾಂತಿಕಾರಿ ಮಸೂದೆಯಲ್ಲವೆಂದೇ ಹೇಳಿದರು.

ಆದದ್ದು ತದ್ವಿರುದ್ಧ. ಆರ್ಥಿಕವಾಗಿ ಚೇತರಿಸಿಕೊಂಡಿದ್ದ ಯೂರೋಪಿನಿಂದ ವಲಸೆ ಇಳಿಯಿತು. ಏಷ್ಯಾದ ವೈದ್ಯರು, ಎಂಜಿನಿಯರ್‌ಗಳು ಮೊದಲು ಬಂದರು, ಕುಟುಂಬ ಆದ್ಯತೆಯ ಮೂಲಕ ಅವರ ಬಂಧುಗಳು ಹಿಂಬಾಲಿಸಿದರು. 1960ರಲ್ಲಿ ಸುಮಾರು 12,000 ಇದ್ದ ಭಾರತ ಸಂಜಾತರ ಸಂಖ್ಯೆ 2020ರ ದಶಕದ ಆರಂಭಕ್ಕೆ 27 ಲಕ್ಷ ಸಮೀಪಿಸಿತು. ಅಮೆರಿಕದ ಹಲವು ನಗರಗಳಲ್ಲಿ ಕನ್ನಡ ಕೂಟಗಳು ಹುಟ್ಟಿದ್ದು, ಅವುಗಳ ಒಕ್ಕೂಟವಾಗಿ 'ಅಕ್ಕ' ರೂಪುಗೊಂಡದ್ದು ಈ ಕಾಯ್ದೆ ತೆರೆದ ಹಾದಿಯಲ್ಲೇ.

ಸಮಾನತೆಯ ಹೆಸರಿನಲ್ಲಿ ಅದೇ ಕಾಯ್ದೆ ಪೂರ್ವಾರ್ಧಗೋಳದ ಪ್ರತಿ ದೇಶಕ್ಕೂ ವರ್ಷಕ್ಕೆ 20,000ದ ಮಿತಿ ಹಾಕಿತು. 1990ರ ಕಾಯ್ದೆ ಅದನ್ನು ಒಟ್ಟು ವೀಸಾಗಳ ಶೇ 7ಕ್ಕೆ ಬದಲಿಸಿತು. ಜನಸಂಖ್ಯೆ ಎಷ್ಟೇ ಇರಲಿ, ಎಲ್ಲ ದೇಶಗಳಿಗೂ ಒಂದೇ ಮಿತಿ. ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ತಂತ್ರಜ್ಞರು ಗ್ರೀನ್ ಕಾರ್ಡ್‌ಗಾಗಿ ದಶಕಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿರುವುದಕ್ಕೆ ಮೂಲ ಕಾರಣ ಇದು.

ಇನ್ನೂ ಮುಗಿಯದ ಪ್ರಶ್ನೆ

ಈ ಆರೂ ಘಟ್ಟಗಳಲ್ಲಿ ಮರುಕಳಿಸುವ ಪ್ರಶ್ನೆ ಒಂದೇ: ಆ ದೇಶದ ನೆಲ, ಮತ, ಪೌರತ್ವ ಯಾರಿಗೆ ಸೇರಬೇಕು? ಪ್ರತಿ ಪೀಳಿಗೆಯೂ ಅದಕ್ಕೊಂದು ಉತ್ತರ ಬರೆಯಿತು, ಮುಂದಿನ ಪೀಳಿಗೆ ಅದನ್ನು ತಿದ್ದಿತು. 1877ರಲ್ಲಿ ಕಂಡಂತೆ, ಕೆಲವೊಮ್ಮೆ ದೊರೆತ ಹಕ್ಕು ಕೈಜಾರಿದ್ದೂ ಉಂಟು.

ಹಳೆಯ ದಾಖಲೆಗಳಿಗೆ ಇಂದಿಗೂ ಜೀವವಿದೆ. 2025ರ ಜನವರಿ 20ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್, ತಾತ್ಕಾಲಿಕ ವೀಸಾ ಪಡೆದವರ ಹಾಗೂ ಅನಧಿಕೃತವಾಗಿ ನೆಲೆಸಿದವರ ಮಕ್ಕಳಿಗೆ, ಪೋಷಕರಲ್ಲಿ ಒಬ್ಬರೂ ಪ್ರಜೆಯೋ ಕಾಯಂ ನಿವಾಸಿಯೋ ಅಲ್ಲದಿದ್ದಲ್ಲಿ, ಹುಟ್ಟಿನಿಂದ ಪೌರತ್ವ ಸಲ್ಲದೆಂಬ ಆದೇಶಕ್ಕೆ ಸಹಿ ಹಾಕಿದರು. ಎಚ್-1ಬಿ ವೀಸಾದ ಮೇಲೆ ದುಡಿಯುವ ಸಾವಿರಾರು ಭಾರತೀಯ ಕುಟುಂಬಗಳನ್ನೂ ಅದು ಆತಂಕಕ್ಕೆ ದೂಡಿತು. ಕೆಳ ನ್ಯಾಯಾಲಯಗಳು ಆದೇಶಕ್ಕೆ ತಡೆ ನೀಡಿದವು, ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆದೇಶದ ವಿರುದ್ಧ ವಾದಿಸಿದ ವಕೀಲರು ಮತ್ತೆ ಮತ್ತೆ ಮುಂದಿಟ್ಟ ಪೂರ್ವ ನಿದರ್ಶನ, 1895ರಲ್ಲಿ ಹಡಗಿನಿಂದ ಇಳಿಯಲು ಅವಕಾಶ ದೊರೆಯದ ವಾಂಗ್ ಕಿಮ್ ಆರ್ಕ್ ಅವರ ಪ್ರಕರಣ.